ಕೆಲಸದವರಿಗೆ ಪೂರ್ತಿ ಸುಡೊ (ಅಡ್ಮಿನ್ ಅಧಿಕಾರ) ಕೊಡದೆ ಪ್ರಿಂಟರ್, ಡಿಸ್ಕ್, ಶಟ್‌ಡೌನ್ ಅನುಮತಿ ಮಾತ್ರ ಕೊಡುವುದು ಹೇಗೆ? – ಮಿಂಟ್ 22, ಡೆಬಿಯನ್ 12

ಬಸ್‌ಸ್ಟ್ಯಾಂಡ್_ಜೆರಾಕ್ಸ್, ಉಡುಪಿ

ನಮಸ್ಕಾರ. ಉಡುಪಿಯಲ್ಲಿ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ತುಂಬುವ ಸಣ್ಣ ಅಂಗಡಿ. ಮೂರು ಡೆಸ್ಕ್‌ಟಾಪ್ ಉಂಟು. ಕೌಂಟರಿನ ಎರಡರಲ್ಲಿ ಲಿನಕ್ಸ್ ಮಿಂಟ್ 22, ಒಳಗಿನ ಡಿಟಿಪಿ ಸಿಸ್ಟಮಿನಲ್ಲಿ ಡೆಬಿಯನ್ 12, ನೋಮ್ ಡೆಸ್ಕ್‌ಟಾಪ್. ಕೆಲಸಕ್ಕೆ ಇಬ್ಬರು ಖಾಯಂ, ಸಂಜೆಗೆ ಒಬ್ಬ ಕಾಲೇಜು ಹುಡುಗ. ಮೂವರಿಗೂ ಬೇರೆ ಬೇರೆ ಅಕೌಂಟ್, ಎಲ್ಲ ಸ್ಟ್ಯಾಂಡರ್ಡ್. ಅಡ್ಮಿನ್ ನಾನೊಬ್ಬನೇ.

ಮಂಡೆಬಿಸಿ ಎಂತ ಅಂದ್ರೆ:

ಪೇಪರ್ ಸಿಕ್ಕಿಕೊಂಡು ಪ್ರಿಂಟರ್ ನಿಂತರೆ ಮತ್ತೆ ಚಾಲೂ ಮಾಡ್ಲಿಕ್ಕೆ ಪಾಸ್‌ವರ್ಡ್ ಕೇಳ್ತದೆ. ನಾನು ಹೊರಗೆ ಹೋದ ದಿನ ಗಿರಾಕಿಗಳ ಸಾಲು ರಸ್ತೆಗೆ ಬರ್ತದೆ. ಡೆಬಿಯನ್ನಿನಲ್ಲಿ ಹಳೆಯ ಡಿಸೈನ್ ಫೈಲುಗಳ ಎರಡನೇ ಹಾರ್ಡ್ ಡಿಸ್ಕ್ ತೆರೆಯುವಾಗಲೂ ಪಾಸ್‌ವರ್ಡ್, ಅದು ಎನ್‌ಟಿಎಫ್‌ಎಸ್ (ವಿಂಡೋಸಿನ ಫಾರ್ಮ್ಯಾಟ್). ರಾತ್ರಿ ಅಂಗಡಿ ಮುಚ್ಚುವಾಗ ಕೆಲವೊಮ್ಮೆ ಶಟ್‌ಡೌನಿಗೂ ಪಾಸ್‌ವರ್ಡ್. ಹುಡುಗ ಸ್ವಿಚ್ಚೇ ಆಫ್ ಮಾಡಿ ಹೋಗ್ತಾನೆ. ಮತ್ತೆ ಡೆಬಿಯನ್ನಿನಲ್ಲಿ ನನ್ನ ಸ್ವಂತ ಅಕೌಂಟಿಗೇ ಸುಡೊ ಇಲ್ಲ, "ಸುಡೊಯರ್ಸ್ ಫೈಲಿನಲ್ಲಿ ನಿಮ್ಮ ಹೆಸರಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು" ಅಂತ ಬರ್ತದೆ.

ದೊಡ್ಡ ಅನಾಹುತ ಮೊದಲನೇ ಮಿಂಟ್ ಸಿಸ್ಟಮಿನಲ್ಲಿ. ಪ್ರಿಂಟರಿಗೆ ಅಂತ ನೆಟ್ಟಿನಲ್ಲಿ ನೋಡಿ ನನ್ನ ಅಡ್ಮಿನ್ ಅಕೌಂಟಿಗೆ "ಯೂಸರ್‌ಮಾಡ್ -ಜಿ ಎಲ್‌ಪಿಅಡ್ಮಿನ್" ಹೊಡೆದೆ. ಮರುದಿನದಿಂದ ಅಲ್ಲಿ ಸುಡೊನೇ ಹೋಯ್ತು. ಈಗ ಅಡ್ಮಿನ್ ಯಾರೂ ಇಲ್ಲ.

ಗುರುತಿನವರೊಬ್ಬರು "ಎಲ್ಲರಿಗೂ ನೋಪಾಸ್‌ವರ್ಡ್ ಆಲ್ ಹಾಕಿ ಬಿಡಿ, ಕಿರಿಕಿರಿ ಮುಗೀತದೆ" ಅಂದರು. ಹಾಕಬಹುದಾ?

ಮಲ್ಪೆ_ಟರ್ಮಿನಲ್

ಹಾಕಬೇಡಿ. ಅದರ ಕಾರಣ ಬೇರೆಯವರು ಹೇಳ್ತಾರೆ, ಮೊದಲು ಕಳೆದುಹೋದ ಅಡ್ಮಿನ್ ಹುಡುಕುವ.

ಕೆಳಗೆ ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲಿ ಹೊಡೆಯಿರಿ, ಸ್ಪೆಲಿಂಗ್ ಸಂಶಯ ಬಂದರೆ ಅರ್ಧ ಹೊಡೆದು ಟ್ಯಾಬ್ ಒತ್ತಿ.

ನೀವು ಹೊಡೆದದ್ದರಲ್ಲಿ ಒಂದು ಸಣ್ಣ ಎ ಕಡಿಮೆ. ದೊಡ್ಡ ಜಿ ಒಂದೇ ಇದ್ದರೆ "ಇವನಿಗೆ ಇನ್ನು ಈ ಗುಂಪುಗಳು ಮಾತ್ರ" ಎಂದು ಅರ್ಥ. ಉಳಿದದ್ದೆಲ್ಲ ಅಳಿಸಿಹೋಗ್ತದೆ, ಸುಡೊ ಗುಂಪು ಸಹಿತ. ಸಣ್ಣ ಎ ಸೇರಿಸಿ -ಎಜಿ ಅಂದರೆ ಮಾತ್ರ "ಇದ್ದದ್ದರ ಜೊತೆಗೆ ಇದೂ ಇರಲಿ" ಎಂದಾಗುವುದು. ಯೂಸರ್‌ಮಾಡ್ ಎಚ್ಚರಿಕೆ ಕೊಡುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ. ಆ ದಿನ ಸುಡೊ ನಡೆದು ಮರುದಿನ ನಿಂತದ್ದಕ್ಕೂ ಕಾರಣ ಉಂಟು: ಲಾಗಿನ್ ಆಗುವ ಹೊತ್ತಿನಲ್ಲಿ ಇದ್ದ ಗುಂಪುಗಳೇ ಆ ಸೆಷನ್ ಮುಗಿಯುವ ತನಕ ಅಂಟಿಕೊಂಡಿರ್ತವೆ. ಲಾಗೌಟ್ ಮಾಡುವ ಮುಂಚೆ ಗೊತ್ತಾಗಿದ್ದರೆ ಅದೇ ಟರ್ಮಿನಲ್‌ನಿಂದ ಸರಿ ಮಾಡಬಹುದಿತ್ತು.

ಈಗ ರಿಪೇರಿಗೆ ಮೊದಲು ಒಂದು ಕೆಲಸ. ಆ ಸಿಸ್ಟಮಿನಲ್ಲಿ ಮಾಮೂಲಿ ಲಾಗಿನ್ ಆಗಿ "ಗ್ರೆಪ್ ನಿಮ್ಮಹೆಸರು /ಇಟಿಸಿ/ಗ್ರೂಪ್-" ಹೊಡೆಯಿರಿ. ಕೊನೆಯ ಡ್ಯಾಶ್ ಮರೆಯಬೇಡಿ. ಗುಂಪುಗಳ ಫೈಲನ್ನು ಬದಲಿಸುವ ಮುಂಚೆ ಅದರ ಹಳೆಯ ಪ್ರತಿಯನ್ನು ಈ ಹೆಸರಿನಲ್ಲಿ ಇಡ್ತದೆ, ಓದ್ಲಿಕ್ಕೆ ಅಡ್ಮಿನ್ ಆಗಬೇಕಂತಿಲ್ಲ. ನಿಮಗೆ ಮೊದಲು ಯಾವ ಯಾವ ಗುಂಪು ಇತ್ತು ಎಂದು ಅಲ್ಲೇ ಸಿಗ್ತದೆ. ಸಾಮಾನ್ಯವಾಗಿ ಎಡಿಎಂ, ಸಿಡಿರೋಮ್, ಸುಡೊ, ಡಿಪ್, ಪ್ಲಗ್‌ಡೆವ್, ಎಲ್‌ಪಿಅಡ್ಮಿನ್, ಸಾಂಬಾಶೇರ್ ಇರ್ತವೆ. ಕಾಗದದಲ್ಲಿ ಬರೆದುಕೊಳ್ಳಿ. ಇನ್ನೊಂದು ಬದಲಾವಣೆ ಆದ ಕೂಡಲೇ ಆ ಪ್ರತಿಯ ಮೇಲೆ ಹೊಸದು ಕೂತುಬಿಡ್ತದೆ. ಹಾಗಾಗಿ ಮೊದಲು ಓದಿ, ಆಮೇಲೆ ರಿಪೇರಿ.

ಸಿಸ್ಟಮ್ ರೀಸ್ಟಾರ್ಟ್ ಮಾಡಿ. ಹಳೆಯ ಬಯೋಸ್ ಆದರೆ ಶಿಫ್ಟ್ ಒತ್ತಿ ಹಿಡಿಯಿರಿ, ಯುಇಎಫ್ಐ ಆದರೆ ಕಂಪೆನಿ ಲೋಗೊ ಹೋದ ಕೂಡಲೇ ಎಸ್ಕೇಪ್ ಒಂದೇ ಸಲ ಒತ್ತಿ. ಪದೇ ಪದೇ ಒತ್ತಿದರೆ ಗ್ರಬ್‌ನ (ಬೂಟ್ ಮೆನುವಿನ) ಖಾಲಿ ಆಜ್ಞಾ ಸಾಲಿಗೆ ಬಿದ್ದುಬಿಡ್ತೀರಿ. ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ರಿಕವರಿ ಮೋಡ್, ಅಲ್ಲಿ ರೂಟ್ ಶೆಲ್ (ರೂಟ್ ಅಂದರೆ ಸಿಸ್ಟಮಿನ ಎಲ್ಲ ಅಧಿಕಾರ ಇರುವ ಅಕೌಂಟ್). ರೂಟಿಗೆ ಪಾಸ್‌ವರ್ಡ್ ಇಟ್ಟಿಲ್ಲದಿದ್ದರೆ ಎಂಟರ್ ಒತ್ತಿದರೆ ಸಾಕು. ಡಿಸ್ಕ್ ಓದ್ಲಿಕ್ಕೆ ಮಾತ್ರ ತೆರೆದಿರಬಹುದು. ಆದ್ದರಿಂದ ಮೊದಲು "ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /" ಹೊಡೆಯಿರಿ, ಆಮೇಲೆ "ಯೂಸರ್‌ಮಾಡ್ -ಎಜಿ ಸುಡೊ,ಎಡಿಎಂ,ಸಿಡಿರೋಮ್,ಡಿಪ್,ಪ್ಲಗ್‌ಡೆವ್,ಎಲ್‌ಪಿಅಡ್ಮಿನ್,ಸಾಂಬಾಶೇರ್ ನಿಮ್ಮಹೆಸರು". ಗುಂಪುಗಳ ನಡುವೆ ಅಲ್ಪವಿರಾಮ ಮಾತ್ರ, ಜಾಗ ಬಿಡಬಾರದು. ಪಟ್ಟಿಯಲ್ಲಿ ನಿಮ್ಮ ಸಿಸ್ಟಮಿನಲ್ಲಿ ಇಲ್ಲದ ಒಂದು ಗುಂಪಿನ ಹೆಸರು ಸೇರಿದರೂ ಆಜ್ಞೆ ಇಡೀ ನಿಲ್ತದೆ, ಹಾಗಾಗಿ ಬರೆದುಕೊಂಡ ಪಟ್ಟಿಯನ್ನೇ ಹಾಕಿ. ಕೊನೆಗೆ "ಐಡಿ ನಿಮ್ಮಹೆಸರು" ಎಂದು ನೋಡಿ ರೀಬೂಟ್ ಮಾಡಿ.

ರಿಕವರಿ ಮೆನು ಬಾರದಿದ್ದರೆ ಗ್ರಬ್‌ನಲ್ಲಿ ಮಾಮೂಲಿ ಸಾಲಿನ ಮೇಲೆ ನಿಂತು ಇ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಉದ್ದ ಸಾಲಿನಲ್ಲಿ ಆರ್‌ಒ ಇದ್ದಲ್ಲಿ ಆರ್‌ಡಬ್ಲ್ಯೂ ಮಾಡಿ, ಸಾಲಿನ ತುದಿಗೆ "ಇನಿಟ್=/ಬಿನ್/ಬ್ಯಾಶ್" ಸೇರಿಸಿ ಎಫ್10. ಕೆಲಸ ಮುಗಿದ ಮೇಲೆ "ಸಿಂಕ್", ಆಮೇಲೆ "ರೀಬೂಟ್ -ಎಫ್". ಇಲ್ಲಿ ಮಾಡಿದ ಬದಲಾವಣೆ ಆ ಒಂದು ಬೂಟಿಗೆ ಮಾತ್ರ. ಇಷ್ಟು ಸುಲಭವಾಗಿ ನೀವು ಒಳಗೆ ಹೋಗುವುದಾದರೆ ಕೀಬೋರ್ಡ್ ಮುಂದೆ ಕೂತ ಯಾರೂ ಹೋಗಬಹುದು. ಗಿರಾಕಿಗಳ ಆಧಾರ್ ಪ್ರತಿ ಇರುವ ಸಿಸ್ಟಮಿಗೆ ಪೂರ್ತಿ ಡಿಸ್ಕ್ ಎನ್‌ಕ್ರಿಪ್ಷನ್ ಬೇಕು ಎನ್ನುವುದು ಅದಕ್ಕೇ. ಅದು ಬೇರೆ ಚರ್ಚೆ.

ಡೆಬಿಯನ್ನಿನದ್ದು ತೊಂದರೆಯೇ ಅಲ್ಲ. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಕೊಟ್ಟಿದ್ದೀರಿ. ಕೊಟ್ಟರೆ ಡೆಬಿಯನ್ ಮೊದಲ ಬಳಕೆದಾರನನ್ನು ಸುಡೊ ಗುಂಪಿಗೆ ಸೇರಿಸುವುದಿಲ್ಲ, ಖಾಲಿ ಬಿಟ್ಟರೆ ಮಾತ್ರ ಸೇರಿಸ್ತದೆ. "ಎಸ್‌ಯು -" ಹೊಡೆದು ರೂಟ್ ಪಾಸ್‌ವರ್ಡ್ ಕೊಡಿ. ಡ್ಯಾಶ್ ಬಿಟ್ಟು ಬರೀ ಎಸ್‌ಯು ಅಂದರೆ ಹಳೆಯ ಪಾತ್ (ಆಜ್ಞೆ ಹುಡುಕುವ ಫೋಲ್ಡರುಗಳ ಪಟ್ಟಿ) ಉಳಿದು "ಯೂಸರ್‌ಮಾಡ್ ಸಿಗಲಿಲ್ಲ" ಎಂದು ಹೇಳ್ತದೆ, ಏಕೆಂದರೆ ಅದು ಇರುವುದು /ಯುಎಸ್‌ಆರ್/ಎಸ್‌ಬಿನ್ ಒಳಗೆ. ಮತ್ತೆ ಅದೇ "ಯೂಸರ್‌ಮಾಡ್ -ಎಜಿ ಸುಡೊ ನಿಮ್ಮಹೆಸರು". ಸುಡೊ ಪ್ಯಾಕೇಜೇ ಇಲ್ಲದಿದ್ದರೆ ಮೊದಲು "ಆಪ್ಟ್ ಇನ್‌ಸ್ಟಾಲ್ ಸುಡೊ". ಆ "ವರದಿ ಮಾಡಲಾಗುವುದು" ಎಂಬುದಕ್ಕೆ ಹೆದರಬೇಡಿ, ವರದಿ ಹೋಗುವುದು ಅದೇ ಸಿಸ್ಟಮಿನ ಲಾಗಿಗೆ. ಓದುವವರು ನೀವೇ.

ಲಾಗೌಟ್ ಮಾಡದೆ ಪರೀಕ್ಷೆ ಮಾಡಬೇಡಿ. ವಿಚಿತ್ರ ಒಂದು ಕಾಣಬಹುದು: ಕಿಟಕಿಯಲ್ಲಿ ಬರುವ ಪಾಸ್‌ವರ್ಡ್ ಪೆಟ್ಟಿಗೆ ನಿಮ್ಮ ಪಾಸ್‌ವರ್ಡನ್ನು ಆಗಲೇ ಒಪ್ಪುತ್ತದೆ, ಟರ್ಮಿನಲ್‌ನ ಸುಡೊ ಒಪ್ಪುವುದಿಲ್ಲ. ಎರಡೂ ಬೇರೆ ಬೇರೆ ಬಾಗಿಲು. ಟರ್ಮಿನಲ್‌ನದ್ದು ಸುಡೊ, ನಿಯಮ ಇರುವುದು /ಇಟಿಸಿ/ಸುಡೊಯರ್ಸ್‌ನಲ್ಲಿ. ಡೆಸ್ಕ್‌ಟಾಪಿನ ಪೆಟ್ಟಿಗೆ ಪೋಲ್‌ಕಿಟ್, ಅದರ ನಿಯಮ ಬೇರೆ ಕಡೆ. ಪೋಲ್‌ಕಿಟ್ ಪ್ರತಿ ಸಲ ಗುಂಪಿನ ಪಟ್ಟಿಯನ್ನು ಹೊಸದಾಗಿ ನೋಡ್ತದೆ, ಸುಡೊ ನಿಮ್ಮ ಸೆಷನ್ ಹೊತ್ತು ತಂದ ಪಟ್ಟಿ ನೋಡ್ತದೆ. ನಿಮ್ಮ ಅರ್ಧ ತೊಂದರೆ ಪೋಲ್‌ಕಿಟ್ ಕಡೆಯದ್ದು. ಅಲ್ಲಿ ಸುಡೊಯರ್ಸ್ ಎಷ್ಟು ತಿದ್ದಿದರೂ ಒಂದು ಪೈಸೆ ಪ್ರಯೋಜನ ಇಲ್ಲ.

ಶಾಯಿ_ಟೋನರ್

ಪ್ರಿಂಟರಿಗೆ ಸುಡೊ ಬೇಕಾಗಿಯೇ ಇಲ್ಲ ಮಾರಾಯ್ರೆ. ಡೆಬಿಯನ್, ಉಬುಂಟು, ಮಿಂಟ್ ಮೂರರಲ್ಲೂ ಕಪ್ಸ್‌ನ (ಪ್ರಿಂಟಿಂಗ್ ನೋಡಿಕೊಳ್ಳುವ ಸೇವೆ) ಆಡಳಿತ ಎಲ್‌ಪಿಅಡ್ಮಿನ್ ಗುಂಪಿಗೆ ಬಿಟ್ಟದ್ದು. ನಿಮ್ಮ ಯೋಚನೆ ಸರಿಯೇ ಇತ್ತು, ಸೇರಿಸಬೇಕಾದದ್ದು ನಿಮ್ಮನ್ನಲ್ಲ, ಕೆಲಸದವರನ್ನು. ಒಬ್ಬೊಬ್ಬರಿಗೆ "ಸುಡೊ ಯೂಸರ್‌ಮಾಡ್ -ಎಜಿ ಎಲ್‌ಪಿಅಡ್ಮಿನ್ ಹೆಸರು", ಅವರು ಲಾಗೌಟ್ ಆಗಿ ಬರಲಿ. ಮಿಂಟ್‌ನ ಪ್ರಿಂಟರ್ಸ್ ಕಿಟಕಿಯಲ್ಲಿ ಮತ್ತೆ ಪಾಸ್‌ವರ್ಡ್ ಇಲ್ಲದೆ ಎನೇಬಲ್ ಟಿಕ್ ಮಾಡಬಹುದು. ಡೆಬಿಯನ್ನಿನ ನೋಮ್ ಸೆಟ್ಟಿಂಗ್ಸ್ ಕಿಟಕಿ ಪೋಲ್‌ಕಿಟ್ ಮೂಲಕ ಹೋಗುವುದರಿಂದ ಎಲ್‌ಪಿಅಡ್ಮಿನ್ ಇದ್ದರೂ ಅನ್‌ಲಾಕ್ ಕೇಳಬಹುದು. ಅಲ್ಲಿ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:631 ತೆರೆಯಲಿ. ಪ್ರಿಂಟರಿನ ಹೆಸರು ಒತ್ತಿ ರೆಸ್ಯೂಮ್ ಅಂದಾಗ ಕೇಳುವುದು ಅವರದ್ದೇ ಹೆಸರು, ಅವರದ್ದೇ ಪಾಸ್‌ವರ್ಡ್.

ಆದರೆ ನಿಜವಾದ ಮದ್ದು ಬೇರೆ. ಪೇಪರ್ ಸಿಕ್ಕಿದ ಕೂಡಲೇ ಸರದಿಯೇ ನಿಲ್ಲುವುದು ಎಂತಕೆ? ಪ್ರಿಂಟರಿನ ಎರರ್ ಪಾಲಿಸಿ ಸ್ಟಾಪ್-ಪ್ರಿಂಟರ್ ಎಂದಿರ್ತದೆ, ಕಪ್ಸ್ ಹುಟ್ಟಿನಿಂದ ಬರುವುದೇ ಹಾಗೆ. "ಎಲ್‌ಪಿಸ್ಟ್ಯಾಟ್ -ಪಿ" ಎಂದು ಪ್ರಿಂಟರಿನ ಹೆಸರು ತಿಳಿದುಕೊಂಡು "ಎಲ್‌ಪಿಅಡ್ಮಿನ್ -ಪಿ ಪ್ರಿಂಟರ್‌ಹೆಸರು -ಒ ಪ್ರಿಂಟರ್-ಎರರ್-ಪಾಲಿಸಿ=ರಿಟ್ರೈ-ಕರೆಂಟ್-ಜಾಬ್" ಕೊಡಿ. ಎರಡೂ ಸಣ್ಣ ಪಿ. ಮತ್ತೆ ಪೇಪರ್ ತೆಗೆದು ಮುಚ್ಚಳ ಹಾಕಿದರೆ ಅದೇ ಕೆಲಸ ತನ್ನಷ್ಟಕ್ಕೆ ಮುಂದುವರಿಯುತ್ತದೆ. ಫೈಲೇ ಹಾಳಾಗಿ ತಪ್ಪು ಬರ್ತಿದ್ದರೆ ಮಾತ್ರ ಇದು ಅದನ್ನೇ ಹಿಡಿದು ಕೂತುಬಿಡ್ತದೆ, ಹಿಂದಿನ ಸಾಲು ಕಾಯ್ತಾ ಇರ್ತದೆ. ಆಗ ಆ ಒಂದು ಜಾಬ್ ಕ್ಯಾನ್ಸಲ್ ಮಾಡಬೇಕು. ಗಡಿಬಿಡಿಯ ಕೌಂಟರಿಗೆ ಅಬಾರ್ಟ್-ಜಾಬ್ ಇಟ್ಟರೂ ಆಗ್ತದೆ: ಕೆಟ್ಟ ಜಾಬನ್ನು ಬಿಸಾಡಿ ಮುಂದಿನದ್ದಕ್ಕೆ ಹೋಗ್ತದೆ. ಯಾವ ಗಿರಾಕಿಯ ಪುಟ ಬಿಟ್ಟುಹೋಯ್ತು ಎಂದು ನೋಡಿಕೊಳ್ಳುವವರು ಇರಬೇಕು ಅಷ್ಟೇ.

ಮಳೆಗಾಲದಲ್ಲಿ ಪೇಪರ್ ತೇವ ಎಳೆದು ಸಿಕ್ಕಿಕೊಳ್ಳುವುದಕ್ಕೆ ಮಾತ್ರ ಯಾವ ಆಜ್ಞೆಯೂ ಇಲ್ಲ. ರೀಮ್ ಒಡೆದರೆ ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಿ.

ಕದ್ರಿಗುಡ್ಡೆ

ನೋಪಾಸ್‌ವರ್ಡ್ ಆಲ್ ಬಗ್ಗೆ. ಅದನ್ನು ಹಾಕಿದ ಮೇಲೆ ಆ ಅಕೌಂಟಿನಲ್ಲಿ ಓಡುವ ಪ್ರತಿಯೊಂದೂ ರೂಟ್. ಹುಡುಗ ಒಳ್ಳೆಯವನೋ ಕೆಟ್ಟವನೋ ಎಂಬುದು ಪ್ರಶ್ನೆಯೇ ಅಲ್ಲ. ಗಿರಾಕಿ ತಂದ ಪೆನ್‌ಡ್ರೈವಿನ ಒಂದು ಸ್ಕ್ರಿಪ್ಟ್ ಮೇಲೆ ತಪ್ಪಿ ಡಬಲ್ ಕ್ಲಿಕ್ ಬಿದ್ದರೆ, ಸಿಸ್ಟಮ್ ಇಡೀ ಬದಲಿಸ್ಲಿಕ್ಕೆ ಅದಕ್ಕೆ ಪಾಸ್‌ವರ್ಡ್ ಬೇಡ. ಜೆರಾಕ್ಸ್ ಅಂಗಡಿಗಿಂತ ಹೆಚ್ಚು ಅಪರಿಚಿತ ಪೆನ್‌ಡ್ರೈವ್ ಹೋಗುವ ಜಾಗ ಬೇರೆ ಇಲ್ಲ.

ಒಂದೆರಡು ಆಜ್ಞೆಗೆ ಮಾತ್ರ ಸುಡೊ ಕೊಡ್ಲಿಕ್ಕೆ ಆಗ್ತದೆ. ಉದಾಹರಣೆಗೆ ಕಪ್ಸ್ ಸೇವೆಯನ್ನೇ ರೀಸ್ಟಾರ್ಟ್ ಮಾಡುವುದು. ಇದು ಎಲ್‌ಪಿಅಡ್ಮಿನ್‌ನಿಂದ ಆಗುವುದಿಲ್ಲ. ಮೊದಲು "ಸುಡೊ ಗ್ರೂಪ್‌ಆಡ್ ಅಂಗಡಿ", ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲಿ. ಮೂವರನ್ನೂ -ಎಜಿ ಕೊಟ್ಟು ಅದಕ್ಕೆ ಸೇರಿಸಿ. ಆಮೇಲೆ "ಸುಡೊ ವಿಸುಡೊ -ಎಫ್ /ಇಟಿಸಿ/ಸುಡೊಯರ್ಸ್.ಡಿ/ಅಂಗಡಿ". ಒಳಗೆ ಒಂದೇ ಸಾಲು:

%ಅಂಗಡಿ ಆಲ್=(ರೂಟ್) ನೋಪಾಸ್‌ವರ್ಡ್: /ಯುಎಸ್‌ಆರ್/ಬಿನ್/ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಕಪ್ಸ್.ಸರ್ವಿಸ್

ಆಲ್ ದೊಡ್ಡಕ್ಷರದಲ್ಲಿ. ನೋಪಾಸ್‌ವರ್ಡ್ ಕೂಡ ದೊಡ್ಡಕ್ಷರ, ಆದರೆ ಇಂಗ್ಲಿಷಿನಲ್ಲಿ ಪೂರ್ತಿ ಸ್ಪೆಲಿಂಗ್ ಅಲ್ಲ, ಪಾಸ್ ಎಂಬುದರ ಮುಂದೆ ಡಬ್ಲ್ಯೂ, ಡಿ ಎರಡೇ ಅಕ್ಷರ. ಶೇಕಡಾ ಚಿಹ್ನೆ ಇದ್ದರೆ ಗುಂಪು, ಇಲ್ಲದಿದ್ದರೆ ವ್ಯಕ್ತಿ. ಪಾತ್ ಪೂರ್ತಿ ಕೊಡಬೇಕು. ಮುಖ್ಯ ವಿಷಯ ಆಜ್ಞೆಯ ಮುಂದಿನ ಮಾತುಗಳು: ಬರೀ ಸಿಸ್ಟಮ್‌ಸಿಟಿಎಲ್ ಎಂದು ಬಿಟ್ಟರೆ ಅದರ ಮುಂದೆ ಏನು ಬೇಕಾದರೂ ಹೊಡೆಯಬಹುದು ಎಂದು ಸುಡೊ ಲೆಕ್ಕ ಹಾಕ್ತದೆ. ಆಗ ಯಾವ ಸೇವೆಯ ಫೈಲನ್ನೂ ಎಡಿಟ್ ಮಾಡಿ ರೂಟಾಗಬಹುದು. ನಕ್ಷತ್ರ ಚಿಹ್ನೆಯೂ ಬೇಡ, ಅದು ನೀವು ಎಣಿಸಿದ್ದಕ್ಕಿಂತ ಹೆಚ್ಚಿನದ್ದಕ್ಕೆ ಹೊಂದ್ತದೆ. ವಿಮ್, ಲೆಸ್, ಫೈಂಡ್, ಆಪ್ಟ್ – ಇಂಥದ್ದನ್ನು ಈ ಪಟ್ಟಿಗೆ ಸೇರಿಸುವುದು ಪೂರ್ತಿ ಕೀಲಿ ಕೊಟ್ಟ ಹಾಗೆಯೇ. ವಿಮ್, ಲೆಸ್ ಒಳಗಿನಿಂದ ಒಂದು ಆಶ್ಚರ್ಯ ಚಿಹ್ನೆ ಹೊಡೆದರೆ ರೂಟ್ ಶೆಲ್ ಸಿಗ್ತದೆ. ನೀವೇ ಬರೆದ ಸ್ಕ್ರಿಪ್ಟ್ ಕೊಡುವುದಾದರೆ ಅದು ರೂಟಿನ ಒಡೆತನದಲ್ಲಿ /ಯುಎಸ್‌ಆರ್/ಲೋಕಲ್/ಎಸ್‌ಬಿನ್ ಒಳಗೆ ಇರಲಿ. ಹುಡುಗನ ಹೋಮ್ ಫೋಲ್ಡರಿನಲ್ಲಿದ್ದರೆ ಅವನೇ ಅದನ್ನು ತಿದ್ದಬಹುದು.

ನೇರ ನ್ಯಾನೊದಲ್ಲಿ ಸುಡೊಯರ್ಸ್ ತೆರೆಯಬೇಡಿ. ವಿಸುಡೊ ಉಳಿಸುವ ಮುಂಚೆ ವ್ಯಾಕರಣ ನೋಡ್ತದೆ. ತಪ್ಪಿದ್ದರೆ "ಈಗ ಎಂತ ಮಾಡಬೇಕು" ಎಂದು ಕೇಳ್ತದೆ, ಇ ಒತ್ತಿದರೆ ತಿದ್ದಲು ವಾಪಸ್. ದೊಡ್ಡ ಕ್ಯೂ ಒತ್ತಬೇಡಿ, ಅದು ತಪ್ಪನ್ನು ಹಾಗೆಯೇ ಉಳಿಸ್ತದೆ. ಈಗಾಗಲೇ ಕೆಡಿಸಿಕೊಂಡಿದ್ದರೆ, ಡೆಸ್ಕ್‌ಟಾಪಿನ ಒಳಗಿನ ಟರ್ಮಿನಲ್‌ನಿಂದ "ಪಿಕೆಎಕ್ಸೆಕ್ ವಿಸುಡೊ" ಪ್ರಯತ್ನಿಸಿ. ಅದು ಪೋಲ್‌ಕಿಟ್ ಬಾಗಿಲಿನಿಂದ ಹೋಗುವ ಕಾರಣ ಸುಡೊ ಕೆಟ್ಟಿದ್ದರೂ ನಡೀತದೆ.

ಫೈಲ್ ಹೆಸರಿನಲ್ಲಿ ಚುಕ್ಕಿ ಬರಬಾರದು. ಅಂಗಡಿ.ಕಾನ್ಫ್ ಎಂದಿಟ್ಟರೆ ಸುಡೊ ಅದನ್ನು ಓದುವುದೇ ಇಲ್ಲ, ತಪ್ಪೂ ತೋರಿಸುವುದಿಲ್ಲ. ಎಷ್ಟೋ ಗಂಟೆ ಇದಕ್ಕೇ ಹೋಗ್ತದೆ. ಅನುಮತಿ 0440 ಇರಲಿ. ಮುಖ್ಯ ಫೈಲಿನ ಕೊನೆಯ ಇನ್‌ಕ್ಲೂಡ್‌ಡಿರ್ ಸಾಲಿನ ಮುಂದೆ ಈಗ ಅಟ್ ಚಿಹ್ನೆ ಇರ್ತದೆ. ಹಳೆಯ ಸಿಸ್ಟಮುಗಳಲ್ಲಿ ಹ್ಯಾಶ್ ಚಿಹ್ನೆ ಇತ್ತು, ಅದು ಕಮೆಂಟ್ ಅಲ್ಲ, ಅಳಿಸಬೇಡಿ. ಒಂದೇ ಆಜ್ಞೆಗೆ ಎರಡು ನಿಯಮ ಹೊಂದಿದರೆ ಸುಡೊದಲ್ಲಿ ಕೊನೆಯದ್ದು ಗೆಲ್ತದೆ.

ಮುಗಿದ ಮೇಲೆ "ಸುಡೊ -ಎಲ್ -ಯು ಹುಡುಗನಹೆಸರು" ಎಂದು ಕೇಳಿ. ಎಲ್ ಸಣ್ಣದು, ಯು ದೊಡ್ಡದು. ಅವನಿಗೆ ಏನೇನು ಅನುಮತಿ ಉಂಟು ಎಂದು ಪಟ್ಟಿ ಬರ್ತದೆ. ಒಂದೇ ಸಾಲು ಕಾಣಬೇಕು.

ಬಸ್‌ಸ್ಟ್ಯಾಂಡ್_ಜೆರಾಕ್ಸ್, ಉಡುಪಿ

ಭಾರಿ ಉಪಕಾರ ಆಯ್ತು. ಗ್ರೂಪ್- ಫೈಲಿನಲ್ಲಿ ಹಳೆಯ ಪಟ್ಟಿ ಸಿಕ್ಕಿತು, ಮೊದಲನೇ ಮಿಂಟ್ ಸರಿಯಾಯ್ತು. ಡೆಬಿಯನ್ನಿನಲ್ಲೂ ಸುಡೊ ಬಂತು. ಉಳಿದದ್ದು ಶಟ್‌ಡೌನ್, ಎರಡನೇ ಡಿಸ್ಕ್. ಪೋಲ್‌ಕಿಟ್‌ಗೆ ನೆಟ್ಟಿನಲ್ಲಿ ಸಿಕ್ಕಿದ ಪಿಕೆಎಲ್‌ಎ ಎಂಬ ಫೈಲ್ ಲೋಕಲ್‌ಅಥಾರಿಟಿ ಫೋಲ್ಡರ್ ಮಾಡಿ ಹಾಕಿದೆ, ಡೆಬಿಯನ್ನಿನಲ್ಲಿ ಎಂತದೂ ಬದಲಾಗಲಿಲ್ಲ.

ಮಲ್ಪೆ_ಟರ್ಮಿನಲ್

ಆ ಪಿಕೆಎಲ್‌ಎ ಹಳೆಯ ಕಾಲದ್ದು. ಉಬುಂಟು 22.04, ಅದರ ಮೇಲೆ ನಿಂತ ಮಿಂಟ್ 21 ತನಕ ಪೋಲ್‌ಕಿಟ್ 0.105 ಇತ್ತು, ಅದಕ್ಕೆ ಅರ್ಥವಾಗುತ್ತಿದ್ದದ್ದು ಅದು. ಡೆಬಿಯನ್ 12 ಮತ್ತು ಮಿಂಟ್ 22ರಲ್ಲಿ ಹೊಸ ಪೋಲ್‌ಕಿಟ್, ನಿಯಮ ಜಾವಾಸ್ಕ್ರಿಪ್ಟಿನಲ್ಲಿ, ಜಾಗ /ಇಟಿಸಿ/ಪೋಲ್‌ಕಿಟ್-1/ರೂಲ್ಸ್.ಡಿ. ಹಾಕಿದ ಹಳೆಯ ಫೈಲ್ ತೆಗೆದುಬಿಡಿ.

ಶಟ್‌ಡೌನಿಗೆ ಕೆಲವೊಮ್ಮೆ ಮಾತ್ರ ಪಾಸ್‌ವರ್ಡ್ ಕೇಳುವುದು ಎಂತಕೆಂದರೆ, ಇನ್ನೊಬ್ಬರು ಸ್ವಿಚ್ ಯೂಸರ್ ಮಾಡಿ ಲಾಗೌಟ್ ಆಗದೆ ಹೋಗಿರ್ತಾರೆ. ಅವರ ಉಳಿಸದ ಕೆಲಸ ಹೋಗದಿರಲಿ ಎಂದು ತಡೆಯುವುದು. ಆ ಅನುಮತಿಯ ಹೆಸರು ಆರ್ಗ್.ಫ್ರೀಡೆಸ್ಕ್‌ಟಾಪ್.ಲಾಗಿನ್1.ಪವರ್-ಆಫ್-ಮಲ್ಟಿಪಲ್-ಸೆಷನ್ಸ್. "ಪಿಕೆಆಕ್ಷನ್" ಎಂದು ಹೊಡೆದರೆ ಸಿಸ್ಟಮಿನ ಎಲ್ಲ ಅನುಮತಿಗಳ ಹೆಸರು ಬರ್ತದೆ, ಅಲ್ಲಿಂದ ನಕಲು ಮಾಡಿ. ಕೈಯಲ್ಲಿ ಹೊಡೆದರೆ ಒಂದು ಡ್ಯಾಶ್ ತಪ್ಪಿದರೂ ನಿಯಮ ಸುಮ್ಮನೆ ಕೂತಿರ್ತದೆ.

ಫೈಲ್ ಹೆಸರು 10-ಅಂಗಡಿ.ರೂಲ್ಸ್. ಇಲ್ಲಿ ಮಾತ್ರ ಚುಕ್ಕಿ ಬೇಕೇ ಬೇಕು, .ರೂಲ್ಸ್ ಇಲ್ಲದಿದ್ದರೆ ಓದುವುದಿಲ್ಲ. ಒಳಗೆ ಪೋಲ್‌ಕಿಟ್.ಆಡ್‌ರೂಲ್, ಅದಕ್ಕೆ ಆಕ್ಷನ್ ಮತ್ತು ಸಬ್ಜೆಕ್ಟ್ ಎಂಬ ಎರಡನ್ನು ತೆಗೆದುಕೊಳ್ಳುವ ಒಂದು ಫಂಕ್ಷನ್. ಅದರೊಳಗೆ ಒಂದೇ ಇಫ್: ಆಕ್ಷನ್.ಐಡಿ ಮೇಲಿನ ಹೆಸರೇ ಆಗಿರಬೇಕು, ಸಬ್ಜೆಕ್ಟ್.ಲೋಕಲ್ ಮತ್ತು ಸಬ್ಜೆಕ್ಟ್.ಆಕ್ಟಿವ್ ಎರಡೂ ನಿಜವಾಗಿರಬೇಕು, ಸಬ್ಜೆಕ್ಟ್.ಇಸ್‌ಇನ್‌ಗ್ರೂಪ್ ಎಂಬುದು ಅಂಗಡಿ ಗುಂಪಿಗೆ ಹೌದೆನ್ನಬೇಕು. ನಾಲ್ಕೂ ಸೇರಿದರೆ ಪೋಲ್‌ಕಿಟ್.ರಿಸಲ್ಟ್.ಯೆಸ್ ಹಿಂದಿರುಗಿಸಿ. ಯೆಸ್ ದೊಡ್ಡಕ್ಷರ. ಇಲ್ಲದಿದ್ದರೆ ಏನೂ ಹಿಂದಿರುಗಿಸಬೇಡಿ, ಮುಂದಿನ ನಿಯಮಗಳು ನೋಡಿಕೊಳ್ಳಲಿ. ಲೋಕಲ್, ಆಕ್ಟಿವ್ ಹಾಕಿದ ಕಾರಣ ಸಿಸ್ಟಮ್ ಮುಂದೆ ಕೂತವರಿಗೆ ಮಾತ್ರ ಇದು ಸಿಗ್ತದೆ, ದೂರದಿಂದ ಎಸ್‌ಎಸ್‌ಎಚ್ ಮೂಲಕ ಬಂದವರಿಗೆ ಸಿಗುವುದಿಲ್ಲ.

ಹೋಲಿಸುವಾಗ ಎರಡು ಸಮ ಚಿಹ್ನೆ ಹಾಕಿ. ಒಂದೇ ಹಾಕಿದರೆ ಅದು ಹೋಲಿಕೆ ಅಲ್ಲ, ಆ ಷರತ್ತು ಯಾವಾಗಲೂ ನಿಜವಾಗಿಬಿಡ್ತದೆ. ಅಂದರೆ ಶಟ್‌ಡೌನ್ ಮಾತ್ರ ಅಲ್ಲ, ಪೋಲ್‌ಕಿಟ್ ಕೇಳುವ ಎಲ್ಲದಕ್ಕೂ ಅಂಗಡಿ ಗುಂಪಿಗೆ ಹೌದು. ಹೊರಗಿನಿಂದ ನೋಡಿದರೆ "ಭಾರಿ ಲಾಯಕ್ ಕೆಲಸ ಮಾಡ್ತದೆ" ಎಂದೇ ಕಾಣುವುದು! ಹಾಗಾಗಿ ನಿಯಮ ಹಾಕಿದ ಮೇಲೆ ಹುಡುಗನ ಅಕೌಂಟಿನಲ್ಲಿ ಆಗಬಾರದ ಒಂದು ಕೆಲಸವನ್ನೂ ಮಾಡಿ ನೋಡಿ, ಹೊಸ ಬಳಕೆದಾರನನ್ನು ಸೇರಿಸುವಂಥದ್ದು. ಅಲ್ಲಿ ಪಾಸ್‌ವರ್ಡ್ ಕೇಳಲೇಬೇಕು.

ಸುಡೊಯರ್ಸ್‌ಗೆ ಇದು ತದ್ವಿರುದ್ಧ: ಹೆಸರಿನ ಕ್ರಮದಲ್ಲಿ ಮೊದಲು ಉತ್ತರ ಕೊಟ್ಟ ನಿಯಮ ಗೆಲ್ತದೆ. ಅದಕ್ಕೇ 10 ಎಂಬ ಸಣ್ಣ ಸಂಖ್ಯೆ. ಸೇವೆ ರೀಸ್ಟಾರ್ಟ್ ಬೇಡ, ಫೈಲ್ ಉಳಿಸಿದ ಕೂಡಲೇ ಓದಿಕೊಳ್ತದೆ. ಆವರಣ ಬಿಟ್ಟುಹೋದರೆ "ಜರ್ನಲ್‌ಸಿಟಿಎಲ್ -ಯು ಪೋಲ್‌ಕಿಟ್" ಅಂದಾಗ ಎಷ್ಟನೇ ಸಾಲಿನಲ್ಲಿ ತಪ್ಪು ಎಂದು ಕಾಣ್ತದೆ.

ಡಿಸ್ಕಿಗೂ ಪೋಲ್‌ಕಿಟ್ ನಿಯಮ ಬರೆಯಬಹುದು, ಆದರೆ ದಿನಾ ಬೇಕಾಗುವ ಡಿಸ್ಕನ್ನು ದಿನಾ ಕೈಯಲ್ಲಿ ತೆರೆಯುವುದೇ ತಪ್ಪು. ಎಫ್‌ಸ್ಟ್ಯಾಬಿಗೆ ಹಾಕಿ, ಬೂಟ್ ಆಗುವಾಗಲೇ ತೆರೆದಿರ್ತದೆ. "ಎಲ್‌ಎಸ್‌ಬಿಎಲ್‌ಕೆ -ಎಫ್" ಎಂದು ಯುಯುಐಡಿ (ಡಿಸ್ಕಿನ ಗುರುತು ಸಂಖ್ಯೆ) ತೆಗೆದುಕೊಳ್ಳಿ, "ಗೆಟೆಂಟ್ ಗ್ರೂಪ್ ಅಂಗಡಿ" ಎಂದು ಗುಂಪಿನ ಸಂಖ್ಯೆ. ಅದು 1005 ಎಂದಿಟ್ಟುಕೊಳ್ಳಿ. /ಇಟಿಸಿ/ಎಫ್‌ಸ್ಟ್ಯಾಬಿನಲ್ಲಿ ಸಾಲು:

ಯುಯುಐಡಿ=ನಿಮ್ಮದು /ಎಸ್‌ಆರ್‌ವಿ/ಡಿಸೈನ್ ಎನ್‌ಟಿಎಫ್‌ಎಸ್-3ಜಿ ನೋಫೇಲ್,ಯುಐಡಿ=1000,ಜಿಐಡಿ=1005,ಡಿಮಾಸ್ಕ್=007,ಎಫ್‌ಮಾಸ್ಕ್=117 0 0

ಆ ಫೋಲ್ಡರನ್ನು ಮೊದಲೇ "ಎಂಕೆಡಿರ್" ಮಾಡಿರಬೇಕು. ನೋಫೇಲ್ ಬಿಡಬೇಡಿ. ಬಿಟ್ಟರೆ, ಕೇಬಲ್ ಸಡಿಲವಾಗಿ ಡಿಸ್ಕ್ ಕಾಣದ ದಿನ ಸಿಸ್ಟಮ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡಿಗೆ ಹೋಗಿ ರೂಟ್ ಪಾಸ್‌ವರ್ಡ್ ಕೇಳ್ತಾ ಕೂತಿರ್ತದೆ, ಅದೂ ನೀವು ಅಂಗಡಿಯಲ್ಲಿ ಇಲ್ಲದ ದಿನ. ರೀಬೂಟ್ ಮಾಡುವ ಮುಂಚೆ "ಸುಡೊ ಫೈಂಡ್‌ಎಂಎನ್‌ಟಿ --ವೆರಿಫೈ", ಆಮೇಲೆ "ಸುಡೊ ಮೌಂಟ್ -ಎ". ಎರಡೂ ತಕರಾರಿಲ್ಲದೆ ಹೋದರೆ ರೀಬೂಟ್.

ಎನ್‌ಟಿಎಫ್‌ಎಸ್ ಮೇಲೆ ಹೀಗೆ ಮೌಂಟ್ ಆದ ಬಳಿಕ ಸಿಎಚ್‌ಮಾಡ್ 777 ಎಷ್ಟು ಸಲ ಹೊಡೆದರೂ ಏನೂ ಬದಲಾಗುವುದಿಲ್ಲ. ಅಲ್ಲಿ ಅನುಮತಿ ತೀರ್ಮಾನ ಆಗುವುದು ಮೇಲಿನ ಮಾಸ್ಕ್‌ಗಳಿಂದ. ಓದ್ಲಿಕ್ಕೆ ಮಾತ್ರ ಆಗಿ ಬರೆಯಲಿಕ್ಕೆ ಆಗದಿದ್ದರೆ ಆ ಡಿಸ್ಕನ್ನು ಕೊನೆಗೆ ಬಳಸಿದ ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಇತ್ತೆಂದು ಲೆಕ್ಕ. ಅದನ್ನು ಆಫ್ ಮಾಡಿ ಪೂರ್ತಿ ಶಟ್‌ಡೌನ್ ಮಾಡಬೇಕು. ಮುಂದೆ ಯಾವಾಗಲಾದರೂ ಇಎಕ್ಸ್‌ಟಿ4ಗೆ ಬದಲಿಸಿದರೆ ಲೆಕ್ಕ ಬೇರೆ: ಫೋಲ್ಡರಿನ ಗುಂಪು ಅಂಗಡಿ, ಸಿಎಚ್‌ಮಾಡ್ 2770, ಜೊತೆಗೆ "ಸೆಟ್‌ಎಫ್‌ಎಸಿಎಲ್ -ಡಿ -ಎಂ ಜಿ:ಅಂಗಡಿ:ಆರ್‌ಡಬ್ಲ್ಯೂಎಕ್ಸ್". ಆ 2 ಇಲ್ಲದಿದ್ದರೆ ಒಬ್ಬರು ಮಾಡಿದ ಫೈಲ್ ಅವರ ಸ್ವಂತ ಗುಂಪಿಗೆ ಹೋಗ್ತದೆ. ಆ ಸೆಟ್‌ಎಫ್‌ಎಸಿಎಲ್ ಇಲ್ಲದಿದ್ದರೆ ಯೂಮಾಸ್ಕ್ (ಹೊಸ ಫೈಲಿಗೆ ಯಾವ ಅನುಮತಿ ಬೇಡ ಎನ್ನುವ ಲೆಕ್ಕ) 022 ಇರುವಲ್ಲಿ ಇನ್ನೊಬ್ಬರು ಅದನ್ನು ತಿದ್ದ್ಲಿಕ್ಕೆ ಆಗುವುದಿಲ್ಲ.

ಪಡುಬಿದ್ರಿ_ಗಾಳಿ

ಒಂದು ಮಾತು ಸೇರಿಸ್ತೇನೆ. ಅಡ್ಮಿನ್ ಬೇಕು ಎಂದು ಜನ ಎಣಿಸುವ ಎಷ್ಟೋ ಕೆಲಸಕ್ಕೆ ಅದು ಬೇಡ. ಡಿಟಿಪಿಯ ಕನ್ನಡ ಫಾಂಟ್‌ಗಳನ್ನು ಹೋಮ್ ಫೋಲ್ಡರಿನ .ಲೋಕಲ್/ಶೇರ್/ಫಾಂಟ್ಸ್ ಒಳಗೆ ಹಾಕಿ "ಎಫ್‌ಸಿ-ಕ್ಯಾಶ್ -ಎಫ್" ಅಂದರೆ ಆಯ್ತು, ಆ ಅಕೌಂಟಿಗೆ ಬಂತು. ಎಲ್ಲರಿಗೂ ಬೇಕಾದರೆ ಮಾತ್ರ ನೀವು /ಯುಎಸ್‌ಆರ್/ಲೋಕಲ್/ಶೇರ್/ಫಾಂಟ್ಸಿಗೆ ಹಾಕಿ. ಫ್ಲಾಟ್‌ಪ್ಯಾಕ್ ಆ್ಯಪ್‌ಗೆ --ಯೂಸರ್ ಸೇರಿಸಿದರೆ ಪಾಸ್‌ವರ್ಡ್ ಇಲ್ಲ. ಹೊಸ ವೈಫೈ ಸೇರಿಸುವಾಗ ಪಾಸ್‌ವರ್ಡ್ ಕೇಳಿದರೆ ಆ ಕನೆಕ್ಷನ್ನಿನ "ಎಲ್ಲ ಬಳಕೆದಾರರಿಗೂ" ಎಂಬ ಟಿಕ್ ತೆಗೆದು ನೋಡಿ.

ಸಮಯ ತಪ್ಪಿದರೆ ತಿದ್ದ್ಲಿಕ್ಕೆ ಅನುಮತಿ ಹಂಚಬೇಡಿ. "ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ" ಒಂದು ಸಲ ಕೊಟ್ಟರೆ ಸಾಕು. ಕರೆಂಟ್ ಹೋಗಿ ಬಂದ ಮೇಲೆ ಪ್ರತಿ ಸಲ ವರ್ಷವೇ ಹಿಂದೆ ಹೋಗ್ತದೆ, ಬ್ರೌಸರ್ ಎಲ್ಲ ಸೈಟಿಗೂ ಸರ್ಟಿಫಿಕೇಟ್ ಸರಿ ಇಲ್ಲ ಎಂದು ಬೊಬ್ಬೆ ಹೊಡೀತದೆ ಎಂದಾದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿ.

ಅಪ್‌ಡೇಟ್‌ಗೂ ಹಾಗೆಯೇ. ಮಿಂಟ್‌ನ ಅಪ್‌ಡೇಟ್ ಮ್ಯಾನೇಜರ್ ಪ್ರಿಫರೆನ್ಸಸ್‌ನಲ್ಲಿ ಆಟೊಮೇಶನ್ ಉಂಟು, ಡೆಬಿಯನ್ನಿಗೆ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಪ್ಯಾಕೇಜ್. ಇದನ್ನು ಬಿಟ್ಟರೆ ಮೇಲಿನ ನಿಯಮ ಎಲ್ಲ ವ್ಯರ್ಥ. 2022ರ ಜನವರಿಯಲ್ಲಿ ಪಿಕೆಎಕ್ಸೆಕ್‌ನಲ್ಲಿ ಒಂದು ತೂತು ಬೆಳಕಿಗೆ ಬಂತು, 2009ರಿಂದಲೇ ಇದ್ದದ್ದು. ಯಾವ ಗುಂಪಿನಲ್ಲೂ ಇಲ್ಲದ ಬಳಕೆದಾರನೂ ರೂಟಾಗಬಹುದಿತ್ತು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ "ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ". ಸಿಡಿಲಿನ ತಿಂಗಳುಗಳಲ್ಲಿ ಯುಪಿಎಸ್ ಇಲ್ಲದ ಸಿಸ್ಟಮಿಗೆ ರಾತ್ರಿ ಅಪ್‌ಡೇಟ್ ಬೇಡ, ಮಧ್ಯಾಹ್ನ ಇಡಿ.

ಮತ್ತೆ, ಅಡ್ಮಿನ್ ಅಕೌಂಟ್ ಎರಡು ಇರಲಿ. ಒಂದು ನಿಮ್ಮದು, ಇನ್ನೊಂದು ದಿನನಿತ್ಯ ಬಳಸದ್ದು, ಪಾಸ್‌ವರ್ಡ್ ಲಕೋಟೆಯಲ್ಲಿ ಮನೆಯಲ್ಲಿ. ಅದು ಮೊದಲೇ ಇದ್ದಿದ್ದರೆ ಮೊದಲಿನ ಅನಾಹುತಕ್ಕೆ ರಿಕವರಿ ಮೋಡೇ ಬೇಕಾಗಿರಲಿಲ್ಲ.

ಬಸ್‌ಸ್ಟ್ಯಾಂಡ್_ಜೆರಾಕ್ಸ್, ಉಡುಪಿ

ಶಟ್‌ಡೌನ್, ಡಿಸ್ಕ್ ಎರಡೂ ಆಯ್ತು. ಹೊಸ ಬಳಕೆದಾರ ಸೇರಿಸ್ಲಿಕ್ಕೆ ಪಾಸ್‌ವರ್ಡ್ ಕೇಳ್ತದೆ, ಸಮಾಧಾನ. ಎರಡು ಸಣ್ಣ ಸಂಶಯ. ಡೆಬಿಯನ್ನಿನಲ್ಲಿ ಕೆಲಸದವರ ಟರ್ಮಿನಲ್‌ನಿಂದ ಕಪ್ಸ್‌ಎನೇಬಲ್ ಹೊಡೆದರೆ "ಆಜ್ಞೆ ಸಿಗಲಿಲ್ಲ" ಅಂತದೆ, ಮಿಂಟ್‌ನಲ್ಲಿ ಆಗ್ತದೆ. ಮತ್ತೆ ಕಾಲೇಜು ಹುಡುಗ ಪರೀಕ್ಷೆ ಅಂತ ಮುಂದಿನ ತಿಂಗಳು ಬಿಡ್ತಾನೆ, ಅಕೌಂಟ್ ಡಿಲೀಟ್ ಮಾಡಬೇಕಾ?

ಕದ್ರಿಗುಡ್ಡೆ

ಕಪ್ಸ್‌ಎನೇಬಲ್ ಇರುವುದು /ಯುಎಸ್‌ಆರ್/ಎಸ್‌ಬಿನ್ ಒಳಗೆ. ಡೆಬಿಯನ್ ಮಾಮೂಲಿ ಬಳಕೆದಾರರ ಪಾತಿನಲ್ಲಿ ಅದನ್ನು ಇಡುವುದಿಲ್ಲ, ಮಿಂಟ್ ಇಡ್ತದೆ. ಪೂರ್ತಿ ಪಾತ್ ಹೊಡೆದರೆ ನಡೀತದೆ: /ಯುಎಸ್‌ಆರ್/ಎಸ್‌ಬಿನ್/ಕಪ್ಸ್‌ಎನೇಬಲ್ ಪ್ರಿಂಟರ್‌ಹೆಸರು. ಎಲ್‌ಪಿಅಡ್ಮಿನ್ ಆಜ್ಞೆಗೂ ಅದೇ ಕಥೆ. ದಿನಾ ಬೇಕಾದರೆ ಅವರ .ಬ್ಯಾಶ್‌ಆರ್‌ಸಿ ಯಲ್ಲಿ ಒಂದು ಅಲಿಯಾಸ್ ಹಾಕಿ.

ಹುಡುಗನ ಅಕೌಂಟ್ ಕೂಡಲೇ ಡಿಲೀಟ್ ಬೇಡ, ಗಿರಾಕಿಗಳ ಅರ್ಧಂಬರ್ಧ ಫೈಲ್ ಅದರಲ್ಲಿ ಇರಬಹುದು. "ಸುಡೊ ಯೂಸರ್‌ಮಾಡ್ -ಎಲ್ -ಇ 1 ಹೆಸರು" ಕೊಡಿ, ಎಲ್ ದೊಡ್ಡದು, ಇ ಸಣ್ಣದು. ಎಲ್ ಪಾಸ್‌ವರ್ಡ್ ಮಾತ್ರ ಮುಚ್ಚುತ್ತದೆ, ಎಸ್‌ಎಸ್‌ಎಚ್ ಕೀಲಿ ಇದ್ದರೆ ಅದು ಇನ್ನೂ ತೆರೆದಿರ್ತದೆ. ಇ 1 ಇಡೀ ಅಕೌಂಟಿನ ಅವಧಿಯನ್ನೇ 1970ಕ್ಕೆ ಮುಗಿಸ್ತದೆ, ಎರಡೂ ಬಂದ್. ಸೆಷನ್ ತೆರೆದೇ ಇದ್ದರೆ ಹಳೆಯ ಗುಂಪುಗಳು ಅದರಲ್ಲಿ ಉಳಿದಿರ್ತವೆ. ಹಾಗಾಗಿ "ಸುಡೊ ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್ ಹೆಸರು". "ಸುಡೊ ಕ್ರಾನ್‌ಟ್ಯಾಬ್ -ಎಲ್ -ಯು ಹೆಸರು" ಎಂದು ಅವನ ಹೆಸರಿನಲ್ಲಿ ಏನಾದರೂ ಹೊತ್ತು ಹೊತ್ತಿಗೆ ಓಡ್ತಾ ಉಂಟಾ ನೋಡಿ. ಇಲ್ಲಿ ಎಲ್, ಯು ಎರಡೂ ಸಣ್ಣದು. ಪರೀಕ್ಷೆ ಮುಗಿಸಿ ವಾಪಸ್ ಬಂದರೆ ದೊಡ್ಡ ಯು ಹಾಕಿ ಬೀಗ ತೆಗೆಯಿರಿ, -ಇ ಮುಂದೆ ಖಾಲಿ ಉದ್ಧರಣ ಚಿಹ್ನೆ ಕೊಡಿ.

ಮೂರೂ ಸಿಸ್ಟಮಿನಲ್ಲಿ ಬೇರೆ ಬೇರೆ ಮಾಡಬೇಕು, ಒಂದರಲ್ಲಿ ಮಾಡಿದ್ದು ಉಳಿದ ಎರಡಕ್ಕೆ ಹೋಗುವುದಿಲ್ಲ.